ಬೆನ್ನಿನ ಆಪರೇಷನ್‌ಗೆ ಹೋದವರ ಹೊಟ್ಟೆ ಯಾಕೆ ಕೊಯ್ದರು?

ಪ್ರಶ್ನೆ: ನಮ್ಮ ಅಣ್ಣನಿಗೆ 46 ವರ್ಷ. ಸೊಂಟದ ನಾಲ್ಕು-ಐದನೇ ಮೂಳೆ ನಡುವಿನ ಡಿಸ್ಕ್ ಜಾರಿ ಎಡಗಾಲು ಊರಲಾಗದಷ್ಟು ನೋವಿತ್ತು. ಎರಡು ತಿಂಗಳ ಹಿಂದೆ ಆಪರೇಷನ್ ಆಯಿತು. ಸರ್ಜನ್ ಹೊರಗೆ ಬಂದು ‘ಚೆನ್ನಾಗಿ ಆಯ್ತು, ಇನ್ನೇನು ವಾರ್ಡಿಗೆ ಕಳಿಸ್ತೀವಿ’ ಅಂದು ಹೋದರು. ಅರ್ಧ ಗಂಟೆಯೊಳಗೆ ಒಳಗೆಲ್ಲ ಓಡಾಟ. ‘ಬಿಪಿ ಬಿದ್ದಿದೆ, ಹೊಟ್ಟೆ ಉಬ್ಬಿದೆ, ಮತ್ತೆ ಓಟಿಗೆ ತಗೊಳ್ತಿದ್ದೀವಿ, ಇಲ್ಲಿ ಸೈನ್ ಮಾಡಿ’ ಅಂದರು. ಬೇರೆ ಆಸ್ಪತ್ರೆಯಿಂದ ರಕ್ತನಾಳದ ಸರ್ಜನ್ ಬಂದರು. ಹೊಟ್ಟೆ ಕೊಯ್ದು ಹನ್ನೊಂದು ಬಾಟಲಿ ರಕ್ತ ಕೊಟ್ಟರು. ಅಣ್ಣ ಉಳಿದುಕೊಂಡ, ಈಗ ಮನೆಯಲ್ಲಿದ್ದಾನೆ. ಬೆನ್ನಿನ ಆಪರೇಷನ್‌ನಲ್ಲಿ ಹೊಟ್ಟೆಯೊಳಗೆ ರಕ್ತ ಹೇಗೆ ಬಂತು? ಡಾಕ್ಟರಿಗೆ ಆಗಲೇ ಯಾಕೆ ಗೊತ್ತಾಗಲಿಲ್ಲ? ಅನಸ್ತೇಶಿಯಾ ಜಾಸ್ತಿ ಆಗಿದ್ದೇ ಕಾರಣ ಅಂತ ನಮ್ಮ ನೆಂಟರು ಹೇಳ್ತಾರೆ. ಇನ್ನೊಂದು ಮಾತು. ಎರಡನೇ ಆಪರೇಷನ್ ನಡೆಯುವಾಗ ಯಾರೋ ‘ಇನ್ನೆರಡು ಬ್ಯಾಗ್’ ಅಂತ ಕೂಗಿದ್ದು ತನಗೆ ಕೇಳಿಸಿತು ಅಂತಾನೆ ಅಣ್ಣ. ಮನೆಯಲ್ಲಿ ಯಾರೂ ನಂಬ್ತಿಲ್ಲ.
– ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಕೊನೆಯ ಮಾತಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಅಣ್ಣನನ್ನು ನಂಬಿ. ಅವರಿಗೆ ಕೇಳಿಸಿರಬಹುದು, ಅದಕ್ಕೆ ಸರಿಯಾದ ಕಾರಣವೂ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ನಾನು ಅರಿವಳಿಕೆ ವೈದ್ಯೆ. ಇಪ್ಪತ್ತು ವರ್ಷದ ಮೇಲಾಯಿತು ಓಟಿಯಲ್ಲಿ ರೋಗಿಯ ತಲೆಯ ಕಡೆ ನಿಲ್ಲಲು ಶುರುಮಾಡಿ. ನಿಮ್ಮ ಅಣ್ಣನ ಕಾಗದಪತ್ರ ನಾನು ನೋಡಿಲ್ಲ, ಹಾಗಾಗಿ ಅಲ್ಲಿ ಯಾರದು ಸರಿ ಯಾರದು ತಪ್ಪು ಎಂದು ಇಲ್ಲಿ ಕೂತು ಹೇಳಲಾರೆ. ಆದರೆ ನೀವು ಬರೆದಿರುವುದನ್ನು ಓದಿದ ಕೂಡಲೇ ನಮ್ಮ ಕಸುಬಿನವರಿಗೆ ಏನಾಗಿರಬೇಕೆಂದು ಹೊಳೆಯುತ್ತದೆ.

ಡಿಸ್ಕ್ ಎಂದರೆ ಬೆನ್ನಿಗೆ ಸೇರಿದ್ದು ಎಂದುಕೊಳ್ಳುತ್ತೇವೆ. ದೇಹದ ಲೆಕ್ಕದಲ್ಲಿ ಅದು ಬೆನ್ನಿಗೂ ಹೊಟ್ಟೆಗೂ ನಡುವಿನ ಗೋಡೆ. ತೆಳ್ಳಗಿರುವವರು ಅಂಗಾತ ಮಲಗಿ ಹೊಕ್ಕುಳಿನ ಸ್ವಲ್ಪ ಮೇಲೆ ಮೆಲ್ಲಗೆ ಒತ್ತಿದರೆ ಒಂದು ಬಡಿತ ಸಿಗುತ್ತದೆ. ಅದು ಮಹಾಪಧಮನಿ, ಹೃದಯದಿಂದ ಹೊರಟ ದೊಡ್ಡ ನಾಳ, ಹೆಚ್ಚುಕಡಿಮೆ ಹೆಬ್ಬೆರಳಿನ ದಪ್ಪ. ಬೆನ್ನುಮೂಳೆಯ ಮುಂಭಾಗಕ್ಕೆ ಒರಗಿಕೊಂಡೇ ಇಳಿದು ಸೊಂಟದ ನಾಲ್ಕನೇ ಮೂಳೆಯ ಹತ್ತಿರ ಎರಡು ಕವಲಾಗುತ್ತದೆ, ಕಾಲಿಗೊಂದು. ಕಾಲುಗಳಿಂದ ವಾಪಸು ಬರುವ ಎರಡು ಅಭಿಧಮನಿಗಳು ಐದನೇ ಮೂಳೆಯ ಮುಂದೆ ಕೂಡಿ ಬಲಗಡೆಯಿಂದ ಮೇಲೇರುತ್ತವೆ. ಅಂದರೆ ನಿಮ್ಮ ಅಣ್ಣನಿಗೆ ಜಾರಿದ ಆ ನಾಲ್ಕು-ಐದರ ಡಿಸ್ಕ್ ಇದೆಯಲ್ಲ, ಅದರ ಮುಂಬಾಗಿಲಿಗೇ ದೊಡ್ಡ ನಾಳಗಳ ಕೂಡುರಸ್ತೆ.

ಸರ್ಜನ್ ಬೆನ್ನಿನ ಕಡೆಯಿಂದ ಸಣ್ಣ ಕಿಂಡಿ ಮಾಡಿ, ಉದ್ದ ಮೂತಿಯ ಚಿಮುಟದಂಥ ಸಾಧನವನ್ನು ಒಳಗೆ ಬಿಟ್ಟು, ಹರಿದ ಡಿಸ್ಕ್‌ನ ಚೂರುಗಳನ್ನು ಕಚ್ಚಿ ಕಚ್ಚಿ ಹೊರತೆಗೆಯುತ್ತಾರೆ. ಓಟಿಯಲ್ಲಿ ಅದಕ್ಕೆ ರಾಂಜರ್ ಎನ್ನುತ್ತೇವೆ. ಡಿಸ್ಕ್‌ನ ಆಳ ಹಿಂದಿನಿಂದ ಮುಂದಕ್ಕೆ ಸುಮಾರು ಮೂರೂವರೆ ಸೆಂಟಿಮೀಟರ್ ಅಷ್ಟೇ. ಅದರ ಮುಂದಿನ ಪಟ್ಟಿ ಗಟ್ಟಿಯಾಗಿದ್ದರೆ ಸಾಧನದ ತುದಿ ತಗುಲಿದಾಗ ಕೈಗೆ ತಡೆ ಗೊತ್ತಾಗುತ್ತದೆ. ಸವೆದ ಡಿಸ್ಕ್‌ನಲ್ಲಿ ಆ ಪಟ್ಟಿಯೇ ಬಿರುಕು ಬಿಟ್ಟಿರುತ್ತದೆ. ಆಗ ಅನುಭವಸ್ಥ ಸರ್ಜನ್‌ರ ಕೈಗೂ ಅರೆ ಸೆಂಟಿಮೀಟರ್ ಆಚೆ ಹೋದದ್ದು ತಿಳಿಯದೆ ಇರಬಹುದು. ಹೆಚ್ಚಾಗಿ ಪೆಟ್ಟು ಬೀಳುವುದು ಎಡಗಾಲಿಗೆ ಹೋಗುವ ಅಪಧಮನಿಗೆ.

ಇದು ಹೊಸ ಸಂಗತಿಯಲ್ಲ. ಡಿಸ್ಕ್ ಜಾರಿ ನರ ಒತ್ತುತ್ತದೆ, ಆಪರೇಷನ್ ಮಾಡಿ ಅದನ್ನು ಬಿಡಿಸಬಹುದು ಎಂದು ಅಮೆರಿಕದ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಬರೆದದ್ದು 1934ರಲ್ಲಿ. ಹನ್ನೊಂದೇ ವರ್ಷಕ್ಕೆ, 1945ರಲ್ಲಿ, ಅಂಥ ಆಪರೇಷನ್ ಆದ ಮೇಲೆ ಬಲಗಡೆಯ ಅಪಧಮನಿಗೂ ಪಕ್ಕದ ದೊಡ್ಡ ಅಭಿಧಮನಿಗೂ ನಡುವೆ ತೂತು ಬಿದ್ದು ಎರಡೂ ಒಂದಾಗಿದ್ದ ರೋಗಿಯ ಕಥೆಯನ್ನು ಲಿಂಟನ್ ಮತ್ತು ವೈಟ್ ಪ್ರಕಟಿಸಿದರು. ಆ ರೋಗಿಗೆ ಇನ್ನೊಂದು ಆಪರೇಷನ್ ಮಾಡಿ ಗುಣಪಡಿಸಿದ್ದರು. ಅಂದಿನಿಂದ ಇಂದಿನವರೆಗೆ ವರದಿಗಳು ಬರುತ್ತಲೇ ಇವೆ. ಹತ್ತು ಸಾವಿರ ಆಪರೇಷನ್‌ಗಳಲ್ಲಿ ಒಂದರಿಂದ ಐದು ಎನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಸಂಖ್ಯೆ ಕಮ್ಮಿ, ಆದರೆ ಆದವರಲ್ಲಿ ಸಾವು ಶೇಕಡಾ 15ರಿಂದ 65ರವರೆಗೆ ಎಂದು ಬೇರೆ ಬೇರೆ ವರದಿಗಳಲ್ಲಿದೆ. ಹದಿನೈದಕ್ಕೂ ಅರವತ್ತೈದಕ್ಕೂ ಎಷ್ಟು ದೂರ ನೋಡಿ. ತೂತು ಎಷ್ಟು ದೊಡ್ಡದು ಎನ್ನುವುದು ಅದಕ್ಕೊಂದು ಕಾರಣ. ಅದು ಯಾರಿಗೆ ಯಾವಾಗ ಗೊತ್ತಾಯಿತು, ಗೊತ್ತಾದವರು ಯಾವಾಗ ಬಾಯಿಬಿಟ್ಟರು ಎನ್ನುವುದು ಅದಕ್ಕಿಂತ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಸರ್ಜನ್‌ಗೆ ಆಗಲೇ ಯಾಕೆ ತಿಳಿಯಲಿಲ್ಲ? ಗೋಡೆಗೆ ಮೊಳೆ ಹೊಡೆಯುವಾಗ ಪಕ್ಕದ ಮನೆಯ ನೀರಿನ ಪೈಪಿಗೆ ತಗುಲಿದರೆ ನೀರು ಸುರಿಯುವುದು ಪಕ್ಕದ ಮನೆಯಲ್ಲಿ. ನಮ್ಮ ಗೋಡೆ ಒಣಗೇ ಇರುತ್ತದೆ. ಇಲ್ಲಿಯೂ ಅಷ್ಟೇ. ರಕ್ತ ಮುಂದಕ್ಕೆ, ಕರುಳಿನ ಹಿಂದಿನ ಸಡಿಲ ಜಾಗಕ್ಕೆ ಹೋಗುತ್ತದೆ. ಅಲ್ಲಿ ಲೀಟರುಗಟ್ಟಲೆ ಹಿಡಿಯುತ್ತದೆ. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಬೆನ್ನಿನ ಗಾಯದಲ್ಲಿ ಹೇಳಿಕೊಳ್ಳುವಂಥ ರಕ್ತವೇ ಕಾಣುವುದಿಲ್ಲ. ಕಂಡರೂ ಅಲ್ಲಿ ಸಣ್ಣಪುಟ್ಟ ಒಸರುವಿಕೆ ದಿನನಿತ್ಯದ್ದು, ಹತ್ತಿಯಿಟ್ಟು ಎರಡು ನಿಮಿಷ ಒತ್ತಿದರೆ ನಿಲ್ಲುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಮೇಲಾಗಿ ರೋಗಿ ಬೋರಲು ಮಲಗಿರುತ್ತಾರೆ. ಎದೆಗೂ ಸೊಂಟಕ್ಕೂ ದಿಂಬು ಕೊಟ್ಟು ಹೊಟ್ಟೆಯನ್ನು ಜೋತುಬಿಟ್ಟಿರುತ್ತೇವೆ, ಮೇಲೆಲ್ಲ ಹಸಿರು ಬಟ್ಟೆ. ಹೊಟ್ಟೆ ಉಬ್ಬುತ್ತಿದ್ದರೂ ಕಾಣುವವರು ಯಾರು? ಆ ಭಂಗಿಯಲ್ಲಿ ಸೇರಿದ ರಕ್ತವೇ ತೂತನ್ನು ಒತ್ತಿ ಹಿಡಿದು ಸೋರಿಕೆಯನ್ನು ಕೊಂಚ ತಡೆಯುವುದೂ ಉಂಟು. ಆಪರೇಷನ್ ಮುಗಿದು ಅಂಗಾತ ತಿರುಗಿಸಿದಾಗ ಆ ಒತ್ತು ಸಡಿಲವಾಗಿ ಬಿಪಿ ದಬಕ್ಕನೆ ಬೀಳಬಹುದು. ನಿಮ್ಮ ಅಣ್ಣನಿಗೆ ರಿಕವರಿಯಲ್ಲಿ, ಅಂದರೆ ಆಪರೇಷನ್ ಆದವರನ್ನು ವಾರ್ಡಿಗೆ ಕಳಿಸುವ ಮೊದಲು ಇರಿಸುವ ಕೋಣೆಯಲ್ಲಿ, ಆದದ್ದು ಬಹುಶಃ ಇದೇ.

ವಯಸ್ಸೂ ಮೋಸ ಮಾಡುತ್ತದೆ. ಎಪ್ಪತ್ತು ಕೆಜಿ ತೂಕದ ಗಂಡಸಿನ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ಗಟ್ಟಿಮುಟ್ಟಾದವರಲ್ಲಿ ಒಂದೂವರೆ ಲೀಟರ್ ಹತ್ತಿರ ಹೋಗುವವರೆಗೂ ಬಿಪಿ ಹೇಗೋ ನಿಂತಿರುತ್ತದೆ. ನಾಡಿ ಮಾತ್ರ ಮೊದಲೇ ಏರುತ್ತಾ ಬರುತ್ತದೆ. ಅದಕ್ಕೂ ನೋವು, ಎಚ್ಚರವಾಗುತ್ತಿರುವುದು, ಹೀಗೆ ಹತ್ತು ಸಮಜಾಯಿಷಿ ಸಿಗುತ್ತವೆ. ಅನುಮಾನ ಬಂದು ಹಿಮೋಗ್ಲೋಬಿನ್ ನೋಡಿದರೆ 12 ಎಂದು ಬರುತ್ತದೆ, ಎಲ್ಲರಿಗೂ ಸಮಾಧಾನ. ಬಿಂದಿಗೆಯಿಂದ ಅರ್ಧ ಮಜ್ಜಿಗೆ ಚೆಲ್ಲಿದರೂ ಉಳಿದ ಮಜ್ಜಿಗೆಯ ಗಟ್ಟಿತನ ಮೊದಲಿನಷ್ಟೇ ಇರುತ್ತದಲ್ಲ, ಇದೂ ಹಾಗೆಯೇ. ನೀರು ಬೆರೆತ ಮೇಲಷ್ಟೇ ತೆಳ್ಳಗಾಗುವುದು. ಹಿಮೋಗ್ಲೋಬಿನ್ ಇಳಿಯಲಿ ನೋಡೋಣ ಎಂದು ಕಾಯ್ದು ಕೆಟ್ಟ ಕಥೆಗಳು ಎಷ್ಟೋ ಇವೆ.

ನಾನೇ ತಡಮಾಡಿದ ಒಂದು ಪ್ರಸಂಗ ಹೇಳುತ್ತೇನೆ. ಊರು, ಆಸ್ಪತ್ರೆ ಬೇಡ. ಇದೇ ನಾಲ್ಕು-ಐದರ ಡಿಸ್ಕ್, ಸುಮಾರು ನಿಮ್ಮ ಅಣ್ಣನ ವಯಸ್ಸಿನವರೇ. ಒಂದು ಗಂಟೆ ಸುಸೂತ್ರವಾಗಿ ನಡೆದಿತ್ತು. ಆಮೇಲೆ ಬಿಪಿ 110ರಿಂದ 84ಕ್ಕೆ ಬಂತು. ಇಂಥದ್ದು ದಿನಾ ಆಗುತ್ತದೆ. ಅರಿವಳಿಕೆಯ ಅನಿಲ ಕಮ್ಮಿ ಮಾಡಿದೆ, ಬಿಪಿ ಏರಿಸುವ ಮೆಫೆಂಟರ್ಮಿನ್ ಕೊಟ್ಟೆ, 100ಕ್ಕೆ ಏರಿತು. ಮೂರು ನಿಮಿಷಕ್ಕೆ ಮತ್ತೆ 80. ಮತ್ತೊಂದು ಡೋಸ್. ಮಾನಿಟರ್‌ನ ಕೆಳಸಾಲಿನಲ್ಲಿ ಉಸಿರಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್‌ನ ಅಂಕಿ 34 ಇದ್ದದ್ದು 27 ಆಗಿತ್ತು. ಶ್ವಾಸಕೋಶಕ್ಕೆ ರಕ್ತ ಕಮ್ಮಿ ಬರುತ್ತಿದೆ ಎನ್ನುವುದಕ್ಕೆ ಅದು ಸಾಕ್ಷಿ. ‘ಸರ್, ಅಲ್ಲಿ ಬ್ಲೀಡಿಂಗ್ ಇದೆಯಾ?’ ಎಂದು ಪರದೆ ಬಟ್ಟೆಯ ಮೇಲಿಂದ ಕೇಳಿದೆ. ‘ಇಲ್ಲ ಮೇಡಂ, ಫುಲ್ ಡ್ರೈ’ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಅವರು ನೋಡುತ್ತಿದ್ದ ಜಾಗ ಒಣಗೇ ಇತ್ತು. ನಾನು ಆ ಮಾತು ಕಟ್ಟಿಕೊಂಡು ಮೂರನೇ ಡೋಸ್ ಎಳೆದೆ.

ಅಷ್ಟರಲ್ಲಿ ಮೂತ್ರದ ಚೀಲ ಮಡಚಿಕೊಂಡಿದೆಯೇನೋ ಎಂದು ಸಿಸ್ಟರ್ ಬಟ್ಟೆಯಡಿ ಕೈಹಾಕಿದರು. ಕೈ ಅಲ್ಲೇ ನಿಂತಿತು. ‘ಮೇಡಂ, ಹೊಟ್ಟೆ ಕಲ್ಲಾಗಿದೆ. ಮೊದಲು ಹೀಗಿರಲಿಲ್ಲ’ ಎಂದರು. ಪೊಸಿಷನ್ ಕೊಡುವಾಗ ದಿಂಬು ಸರಿಮಾಡಿದ್ದವರು ಅವರೇ, ಮೊದಲಿನ ಹೊಟ್ಟೆ ಹೇಗಿತ್ತೆಂದು ಅವರ ಕೈಗೆ ನೆನಪಿತ್ತು. ಆಮೇಲೆ ಚಾರ್ಟ್ ನೋಡಿ ಲೆಕ್ಕ ಹಾಕಿದೆ. ಬಿಪಿ ಮೊದಲು ಬಿದ್ದಾಗಿನಿಂದ ಆ ಮಾತು ಬರುವವರೆಗೆ ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷ ನನ್ನವು, ಸರ್ಜನ್‌ರದ್ದಲ್ಲ. ತಿರುಗಿಸೋಣ ಎಂದರೆ ಅಂಗಾತ ಹಾಕಿಕೊಳ್ಳುವ ಟ್ರಾಲಿ ಓಟಿಯಲ್ಲಿರಲಿಲ್ಲ. ಜಾಗ ಸಾಲದೆಂದು ಕಾರಿಡಾರಿನಲ್ಲಿ ಬಿಟ್ಟಿದ್ದನ್ನು ಯಾರೋ ಎಕ್ಸ್‌ರೇಗೆ ತೆಗೆದುಕೊಂಡು ಹೋಗಿದ್ದರು. ಅಂದಿನಿಂದ ನನ್ನ ಬೋರಲು ಕೇಸುಗಳಲ್ಲಿ ಟ್ರಾಲಿ ಓಟಿಯ ಬಾಗಿಲು ದಾಟಿ ಹೊರಗೆ ಹೋಗುವುದಿಲ್ಲ. ಈ ವಿಷಯಕ್ಕೆ ನನ್ನೊಂದಿಗೆ ಜಗಳವಾಡದ ಓಟಿ ಇನ್‌ಚಾರ್ಜ್ ಇಲ್ಲ. ಆ ರೋಗಿ ಬದುಕಿದರು, ಹೆಚ್ಚಿನ ಪುಣ್ಯ ಆ ಸಿಸ್ಟರ್‌ದು.

‘ಅನಸ್ತೇಶಿಯಾ ಜಾಸ್ತಿ ಆಯ್ತು’ ಎನ್ನುವುದು ನಮ್ಮ ಕಡೆ ಓಟಿಯಲ್ಲಿ ಏನೇ ಕೆಟ್ಟರೂ ಮೊದಲು ಬಾಯಿಗೆ ಬರುವ ಮಾತು. ಬೇಸರವಿಲ್ಲ, ಅಭ್ಯಾಸವಾಗಿದೆ. ಬಿಪಿ ಬೀಳುವುದಕ್ಕೆ ಅರಿವಳಿಕೆಯ ಆಳವೂ ಕಾರಣವಾಗಬಹುದು ನಿಜ. ಔಷಧದ ಅಲರ್ಜಿ, ದಿಂಬು ಹೊಟ್ಟೆಯನ್ನು ಅಮುಕಿರುವುದು, ರಕ್ತನಾಳದೊಳಗೆ ಗಾಳಿ ಸೇರುವುದು, ಹೃದಯದ ತೊಂದರೆ, ಇವೂ ಇವೆ. ನಮ್ಮ ತಲೆ ಇವನ್ನೆಲ್ಲ ಸರಸರನೆ ತಡಕುತ್ತದೆ. ಅಲರ್ಜಿಯಾದರೆ ಸಾಮಾನ್ಯವಾಗಿ ಉಸಿರಿನ ಒತ್ತಡ ಏರುತ್ತದೆ, ಮೈಮೇಲೆ ದದ್ದು ಕಾಣಬಹುದು. ಅರಿವಳಿಕೆ ಆಳವಾಗಿದ್ದರೆ ಅನಿಲ ಇಳಿಸಿದ ಮೇಲೆ ಬಿಪಿ ಏರಿ ಅಲ್ಲೇ ನಿಲ್ಲಬೇಕು. ಏರಿದ್ದು ಮತ್ತೆ ಮತ್ತೆ ಇಳಿಯುತ್ತಿದೆ, ನಾಡಿ ಏರುತ್ತಿದೆ, ಕೈಕಾಲು ತಣ್ಣಗಾಗುತ್ತಿವೆ, ಮುಖ ಬಿಳಿಚಿಕೊಂಡಿದೆ ಎಂದರೆ ಎಲ್ಲಿಯೋ ರಕ್ತ ಹೋಗುತ್ತಿದೆ. ಗಾಯ ಒಣಗಿದ್ದರೂ ಸರಿ. ಹೀಗಿರುವಾಗ ಡಿಸ್ಕ್ ಆಪರೇಷನ್‌ನಲ್ಲಿ ಗಾಯದ ಮಾತಿಗಿಂತ ಅಂಕಿಯ ಮಾತನ್ನು ನಂಬಬೇಕು ಎಂದು ನನ್ನ ಕೈಕೆಳಗೆ ಕಲಿಯುವವರಿಗೆ ಹೇಳುತ್ತಲೇ ಇರುತ್ತೇನೆ.

ಅನುಮಾನ ಬಂತು ಎನ್ನಿ. ಆಮೇಲೆ ಏನು ನಡೆಯಬೇಕು? ಹೊರಗೆ ಬೆಂಚಿನ ಮೇಲೆ ಕೂತ ನಿಮಗೆ ಕಂಡದ್ದು ಓಡಾಟ. ಒಳಗೆ ಅದಕ್ಕೊಂದು ಕ್ರಮ ಇರಬೇಕು, ಇಲ್ಲದಿದ್ದರೆ ಹತ್ತು ಜನ ಸೇರಿ ಒಂದೇ ಕೆಲಸ ಮಾಡಿ ಒಂಬತ್ತು ಕೆಲಸ ಬಿಟ್ಟುಹೋಗುತ್ತವೆ. ಮೊದಲು ಒಬ್ಬರು ಬಿಡಿಸಿ ಹೇಳಬೇಕು. ‘ಬಿಪಿ ಸ್ವಲ್ಪ ಕಮ್ಮಿ ಇದೆ ಸರ್’ ಎಂದು ಗೊಣಗುವುದಲ್ಲ. ‘ದೊಡ್ಡ ನಾಳಕ್ಕೆ ಪೆಟ್ಟಾಗಿದೆ ಅಂತ ನನ್ನ ಅನುಮಾನ, ಆಪರೇಷನ್ ನಿಲ್ಲಿಸಿ, ತಿರುಗಿಸೋಣ.’ ನಮ್ಮ ಓಟಿಗಳಲ್ಲಿ ಸೀನಿಯರ್ ಸರ್ಜನ್‌ಗೆ ಹೀಗೆ ಹೇಳುವುದಕ್ಕೆ ಕಿರಿಯ ಅರಿವಳಿಕೆ ವೈದ್ಯರು ಇನ್ನೂ ಹಿಂಜರಿಯುತ್ತಾರೆ, ನರ್ಸ್‌ಗಳಂತೂ ಕೇಳುವುದೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸರ್ಜರಿ ಚೆಕ್‌ಲಿಸ್ಟ್‌ನಲ್ಲಿ ಎಲ್ಲರೂ ಹೆಸರು ಮತ್ತು ಕೆಲಸ ಹೇಳಿ ಪರಿಚಯ ಮಾಡಿಕೊಳ್ಳಬೇಕೆಂಬ ಅಂಶ ಇದೆ. ಬಹಳ ಕಡೆ ಅದನ್ನು ನಾಟಕ ಎಂದು ನಗುತ್ತಾರೆ. ಆದರೆ ಬೆಳಗ್ಗೆ ಒಮ್ಮೆ ಬಾಯಿಬಿಟ್ಟವರಿಗೆ ಮಧ್ಯಾಹ್ನ ಮತ್ತೊಮ್ಮೆ ಬಾಯಿಬಿಡುವುದು ಸುಲಭ. ಅದೇ ಪಟ್ಟಿಯಲ್ಲಿ 500 ಎಂಎಲ್‌ಗಿಂತ ಹೆಚ್ಚು ರಕ್ತ ಹೋಗುವ ಸಂಭವ ಇದೆಯೇ ಎಂಬ ಪ್ರಶ್ನೆಯೂ ಇದೆ. ಡಿಸ್ಕ್ ಕೇಸಿಗೆ ಎಲ್ಲರೂ ‘ಇಲ್ಲ’ ಎಂದು ಟಿಕ್ ಹಾಕುತ್ತಾರೆ, ನಾನೂ ಹಾಕಿದ್ದೇನೆ.

ಆಮೇಲೆ ಬೆನ್ನಿನ ಗಾಯವನ್ನು ಹೊಲಿಯುತ್ತಾ ಕೂರದೆ, ದೊಡ್ಡ ಗಾಜ್ ತುರುಕಿ, ಮೇಲೆ ಅಂಟುವ ಹಾಳೆ ಹಾಕಿ, ಅಂಗಾತ ತಿರುಗಿಸುವುದು. ನಿಮ್ಮ ಅಣ್ಣನಂತೆ ಆಗಲೇ ರಿಕವರಿಗೆ ಬಂದವರಾದರೆ ಈ ಹೆಜ್ಜೆ ಇಲ್ಲ. ಬಿಪಿ ಸ್ಥಿರವಾಗಿದ್ದರೆ ಸಿಟಿ ಆಂಜಿಯೋಗ್ರಾಂ ಮಾಡಿ ತೂತು ಎಲ್ಲಿದೆ ನೋಡಬಹುದು. ಬೀಳುತ್ತಿದ್ದರೆ ಸಿಟಿ ರೂಮಿಗೆ ಕರೆದೊಯ್ಯುವುದು ಅಪಾಯ, ನೇರ ಓಟಿಗೆ. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ನೆಮ್ಮದಿಯಿಲ್ಲ, ಕರುಳಿನ ಹಿಂದಿನ ರಕ್ತ ಅದರ ಕಣ್ಣಿಗೆ ತಪ್ಪಿಸಿಕೊಳ್ಳುತ್ತದೆ.

ಡ್ರಿಪ್ ಹಾಕುವ ಜಾಗವೂ ಇಲ್ಲಿ ಮುಖ್ಯ. ಕಾಲಿಗೆ ಹಾಕಿದರೆ ಕೊಟ್ಟ ರಕ್ತ ಹೊಟ್ಟೆಯ ಅಭಿಧಮನಿಯ ಮೂಲಕವೇ ಮೇಲೆ ಬರಬೇಕು. ಪೆಟ್ಟಾಗಿರುವುದು ಅಲ್ಲೇ ಆದರೆ ದುಡ್ಡು ಕೊಟ್ಟು ತಂದದ್ದು ದಾರಿಯಲ್ಲೇ ಸೋರಿಹೋಯಿತು. ಹಾಗಾಗಿ ಎರಡೂ ಕೈಗೆ ಅಥವಾ ಕುತ್ತಿಗೆಗೆ ದಪ್ಪ ಸೂಜಿ. ಸಲೈನ್ ಬಾಟಲಿ ಮೇಲೆ ಬಾಟಲಿ ಸುರಿಯುವುದು ಹಳೆಯ ಚಾಳಿ. ಅದು ರಕ್ತವನ್ನು ತೆಳ್ಳಗೆ ಮಾಡಿ, ಮೈ ತಣ್ಣಗೆ ಮಾಡಿ, ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ತೂತು ಮುಚ್ಚುವವರೆಗೆ ಬಿಪಿ 80–90ರ ಆಸುಪಾಸಿನಲ್ಲಿದ್ದರೆ ಸಾಕು ಎಂದು ತಡೆದುಕೊಳ್ಳುತ್ತೇವೆ. ಒತ್ತಡ ಏರಿಸಿದಷ್ಟೂ ಸೋರಿಕೆ ಜಾಸ್ತಿ.

ನಿಮಗೆ ‘ಹನ್ನೊಂದು ಬಾಟಲಿ’ ಎಂದರಲ್ಲ, ಅದೆಲ್ಲ ಕೆಂಪು ರಕ್ತವೇ ಇರಲಿಕ್ಕಿಲ್ಲ. ಕೆಂಪುಕಣ, ಹಳದಿ ಪ್ಲಾಸ್ಮಾ, ಪ್ಲೇಟ್‌ಲೆಟ್, ಇವನ್ನು ಹೆಚ್ಚುಕಡಿಮೆ ಸಮಸಮವಾಗಿ ಕೊಡಬೇಕು. ಕೆಂಪುಕಣ ಮಾತ್ರ ಕೊಟ್ಟರೆ ಕೊನೆಗೆ ಹೊಲಿಗೆ ಹಾಕಿದ ಕಡೆಯೆಲ್ಲ ಒಸರತೊಡಗುತ್ತದೆ. ಪ್ಲಾಸ್ಮಾ ಮಂಜುಗಡ್ಡೆಯಾಗಿರುತ್ತದೆ, ಕರಗಿಸಲು ಇಪ್ಪತ್ತು-ಮೂವತ್ತು ನಿಮಿಷ ಬೇಕು, ಹಾಗಾಗಿ ಅದನ್ನು ಮೊದಲ ಫೋನಿನಲ್ಲೇ ಹೇಳಿಡಬೇಕು. ಕೊಡುವ ರಕ್ತ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಪೂರ್ತಿ ಕ್ರಾಸ್‌ಮ್ಯಾಚ್‌ಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ಇಲ್ಲದಾಗ ಒ ಗುಂಪಿನ ರಕ್ತವನ್ನು ಹಾಗೆಯೇ ಕೊಡುವುದೂ ಉಂಟು. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಒಂದು ಗ್ರಾಂ ಬೇಗ ಕೊಡುತ್ತೇವೆ. ಅಪಘಾತದ ರೋಗಿಗಳಲ್ಲಿ ಅದು ಜೀವ ಉಳಿಸುತ್ತದೆ, ಅದೂ ಮೂರು ಗಂಟೆಯೊಳಗೆ ಕೊಟ್ಟರೆ, ಎಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮೇಲಿನ ಕ್ರ್ಯಾಶ್-2 ಅಧ್ಯಯನ 2010 ಮತ್ತು 2011ರ ವರದಿಗಳಲ್ಲಿ ತೋರಿಸಿತು. ರಕ್ತದ ಬ್ಯಾಗ್‌ನಲ್ಲಿ ಹೆಪ್ಪುಗಟ್ಟದಿರಲೆಂದು ಸೇರಿಸಿರುವ ಸಿಟ್ರೇಟ್ ನಮ್ಮ ಮೈಯ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಬಿಡುತ್ತದೆ, ಹಾಗಾಗಿ ಕೆಲವು ಬ್ಯಾಗ್‌ಗೊಮ್ಮೆ ಕ್ಯಾಲ್ಸಿಯಂ. ಫ್ರಿಜ್‌ನಿಂದ ನೇರ ಬಂದ ರಕ್ತವನ್ನು ಬೆಚ್ಚಗೆ ಮಾಡಿ ಬಿಡಬೇಕು, ಮೈ 35 ಡಿಗ್ರಿಗಿಂತ ಇಳಿದರೆ ರಕ್ತ ಹೆಪ್ಪುಗಟ್ಟುವುದು ಕಷ್ಟ. ಇಷ್ಟನ್ನೂ ಒಬ್ಬರೇ ನೆನಪಿಟ್ಟುಕೊಳ್ಳಲಾಗದು. ಅದಕ್ಕೇ ಒಬ್ಬರು ರಕ್ತ ಮಾತ್ರ ನೋಡುತ್ತಾರೆ, ಒಬ್ಬರು ಔಷಧ ಮಾತ್ರ, ಒಬ್ಬರು ಫೋನ್ ಮಾತ್ರ. ಒಬ್ಬರು ಗೋಡೆಯ ಬೋರ್ಡಿನಲ್ಲೋ ಕೈಗವಸಿನ ಪೊಟ್ಟಣದ ಹಿಂಬದಿಯಲ್ಲೋ ಗಂಟೆ ನಿಮಿಷ ಬರೆಯುತ್ತಾರೆ. ಹೇಳಿದ್ದನ್ನು ಕೇಳಿದವರು ಜೋರಾಗಿ ವಾಪಸು ಹೇಳಬೇಕು. ‘ಇನ್ನೆರಡು ಬ್ಯಾಗ್’ ಎಂದರೆ ‘ಇನ್ನೆರಡು ಬ್ಯಾಗ್, ತರ್ತಿದ್ದೀನಿ’ ಎಂದು ಉತ್ತರ ಬರಬೇಕು. ನಿಮ್ಮ ಅಣ್ಣನಿಗೆ ಕೇಳಿಸಿದ ಕೂಗು ಗಾಬರಿಯದ್ದೇ ಆಗಿರಬೇಕಿಲ್ಲ.

ಹೊರಗೆ ಆ ಹೊತ್ತಿಗೆ ನೀವು ವಾಟ್ಸ್ಯಾಪ್ ಸ್ಟೇಟಸ್ ಹಾಕಿ ರಕ್ತ ಕೊಡುವವರನ್ನು ಹುಡುಕುತ್ತಿದ್ದಿರಬಹುದು. ಸಣ್ಣ ಊರುಗಳಲ್ಲಿ ಇದು ಇನ್ನೂ ತಪ್ಪಿಲ್ಲ. ಒಂದು ಬ್ಯಾಗ್‌ಗೆ 350 ಅಥವಾ 450 ಎಂಎಲ್ ಹಿಡಿಯುತ್ತದೆ, ಹನ್ನೊಂದು ಬ್ಯಾಗ್ ಎಂದರೆ ಊರ ಹುಡುಗರು ಎಷ್ಟು ಜನ ಬಂದು ಕೈಚಾಚಿದ್ದಾರೆ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಎರಡನೇ ಆಪರೇಷನ್‌ಗೆ ಅರಿವಳಿಕೆ ಕೊಡುವ ಹೊತ್ತು ನಮಗೆ ಅತ್ಯಂತ ಭಯದ್ದು. ಎಚ್ಚರವಿರುವ ರೋಗಿಯ ಹೊಟ್ಟೆಯ ಸ್ನಾಯು ಬಿಗಿಯಾಗಿದ್ದು ಒಳಗಿನ ಸೋರಿಕೆಯನ್ನು ಒಂದಿಷ್ಟು ಒತ್ತಿ ಹಿಡಿದಿರುತ್ತದೆ. ಸ್ನಾಯು ಸಡಿಲಿಸುವ ಮದ್ದು ಕೊಟ್ಟ ಕ್ಷಣ ಆ ಆಸರೆ ಹೋಗುತ್ತದೆ. ಅದಕ್ಕೆ ಹೊಟ್ಟೆಗೆ ಅಯೋಡಿನ್ ಬಳಿದು, ಬಟ್ಟೆ ಹಾಸಿ, ಸರ್ಜನ್ ಕೈಯಲ್ಲಿ ಬ್ಲೇಡ್ ಹಿಡಿದು ನಿಂತ ಮೇಲೆಯೇ ನಾವು ಸೂಜಿಮದ್ದು ಕೊಡುವುದು. ರೋಗಿಯ ಕಣ್ಣು ಇನ್ನೂ ತೆರೆದೇ ಇರುತ್ತದೆ, ಮೈಮೇಲೆ ಆಗಲೇ ಹಸಿರು ಬಟ್ಟೆ. ಅವರ ಕಿವಿಯ ಹತ್ತಿರ ಬಗ್ಗಿ ‘ಹೆದರಬೇಡಿ, ನಾನು ಇಲ್ಲೇ ಇದ್ದೀನಿ’ ಎನ್ನುವಾಗ ನನ್ನ ಧ್ವನಿ ನನಗೇ ಸುಳ್ಳಾಗಿ ಕೇಳಿಸಿದ್ದಿದೆ. ಮದ್ದು ಬಹುಪಾಲು ಕೆಟಮಿನ್, ಅದೂ ಅಳೆದು ಸ್ವಲ್ಪ.

ಹೊಟ್ಟೆ ತೆರೆದಾಗ ಬಿಪಿ ಇನ್ನೊಮ್ಮೆ ಬೀಳುತ್ತದೆ. ಇಲ್ಲಿಯೇ ಒಳ್ಳೆಯ ತಂಡದ ಗುರುತು ಸಿಗುವುದು. ತಿಳಿದ ಸರ್ಜನ್ ತೂತು ಹುಡುಕಲು ಕೈಹಾಕುವುದಿಲ್ಲ. ಮೇಲ್ಗಡೆ ಮಹಾಪಧಮನಿಯನ್ನು ಬೆನ್ನುಮೂಳೆಗೆ ಒತ್ತಿ ಹಿಡಿದು ‘ಹಿಡಿದಿದ್ದೀನಿ, ನಿಮ್ಮ ಕೆಲಸ ಮುಗಿಸಿಕೊಳ್ಳಿ’ ಎಂದು ಸುಮ್ಮನೆ ನಿಲ್ಲುತ್ತಾರೆ. ಕೈಗೆ ಜೋಮು ಹಿಡಿದರೂ ನಿಲ್ಲುತ್ತಾರೆ. ಆ ಐದು-ಹತ್ತು ನಿಮಿಷದಲ್ಲಿ ನಾವು ರಕ್ತ ತುಂಬಿಸಿಕೊಂಡು ಬಿಡುತ್ತೇವೆ. ಹೊಟ್ಟೆಯ ಯಾವ ಸರ್ಜನ್ ಬೇಕಾದರೂ ಇಷ್ಟು ಮಾಡಬಲ್ಲರು. ನಿಮ್ಮಲ್ಲಿ ರಕ್ತನಾಳದ ಸರ್ಜನ್ ಬೇರೆ ಆಸ್ಪತ್ರೆಯಿಂದ ಬರುವವರೆಗೆ ಯಾರೋ ಹೀಗೆ ಕೈಯೊತ್ತಿ ನಿಂತಿದ್ದಿರಬಹುದು. ಅವರ ಹೆಸರು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ತೂತು ಹೊಲಿದಾದ ಮೇಲೆ, ನಾಳವನ್ನು ಬಿಗಿಹಿಡಿದ ಚಿಮುಟವನ್ನು (ಕ್ಲಾಂಪ್) ಬಿಡುವಾಗಲೂ ಕೇಳಿಯೇ ಬಿಡಬೇಕು. ಅಷ್ಟು ಹೊತ್ತು ರಕ್ತ ಕಾಣದೆ ಕಾಲುಗಳಲ್ಲಿ ಸೇರಿದ ಆಮ್ಲ, ಪೊಟ್ಯಾಸಿಯಂ ಒಮ್ಮೆಲೇ ಹೃದಯಕ್ಕೆ ನುಗ್ಗುತ್ತವೆ. ‘ಬಿಡಲಾ?’, ‘ಬೇಡ, ಎರಡು ನಿಮಿಷ’, ‘ಈಗ ಬಿಡಿ, ನಿಧಾನಕ್ಕೆ.’

ದೊಡ್ಡ ಊರುಗಳಲ್ಲಿ, ನಾಳದೊಳಗೆ ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಕ್ಯಾತ್‌ಲ್ಯಾಬ್ ಹತ್ತಿರವಿದ್ದು ರೋಗಿ ತಾಳುವಂತಿದ್ದರೆ, ಹೊಟ್ಟೆ ಕೊಯ್ಯದೆ ತೊಡೆಸಂದಿನ ನಾಳದ ಮೂಲಕ ಹೊದಿಕೆಯ ಸ್ಟೆಂಟ್ ಕೂರಿಸಿ ತೂತು ಮುಚ್ಚುವುದೂ ಈಗ ಆಗುತ್ತದೆ. ಅದನ್ನು ಜಾಗ ಮರಗಟ್ಟಿಸಿಯೇ ಮಾಡಬಹುದು, ಪೂರ್ತಿ ಅರಿವಳಿಕೆಯ ಗಂಡಾಂತರ ತಪ್ಪುತ್ತದೆ.

ಈಗ ಆ ಧ್ವನಿಯ ವಿಷಯ. ನಾವು ಕೊಡುವ ಅರಿವಳಿಕೆ ಮದ್ದುಗಳು ಬಹುತೇಕ ಎಲ್ಲವೂ ಬಿಪಿ ಇಳಿಸುತ್ತವೆ. ಬಿಪಿ 60ರಲ್ಲಿರುವಾಗ ಪೂರ್ತಿ ಪ್ರಮಾಣ ಕೊಟ್ಟರೆ ಹೃದಯ ನಿಂತೇಹೋಗಬಹುದು. ಆದ್ದರಿಂದ ಜೀವ ಉಳಿಸಲೆಂದೇ ಅರಿವಳಿಕೆಯನ್ನು ತೆಳ್ಳಗೆ ಇಡುತ್ತೇವೆ. ಆಗ ಕೆಲವರಿಗೆ ಅರೆ ಎಚ್ಚರವಾಗುತ್ತದೆ. ಸ್ನಾಯು ಸಡಿಲಿಸಿರುವುದರಿಂದ ಬೆರಳು ಅಲ್ಲಾಡಿಸಿ ತಿಳಿಸಲೂ ಆಗುವುದಿಲ್ಲ. ಸಾಮಾನ್ಯವಾಗಿ ಉಳಿಯುವುದು ಕಿವಿಯ ನೆನಪು. ನಿಮ್ಮ ನೆಂಟರ ಮಾತಿಗೆ ಇದು ಸರಿಯಾಗಿ ಉಲ್ಟಾ. ಅರಿವಳಿಕೆ ಜಾಸ್ತಿಯಾಗಿರಲಿಲ್ಲ, ಬೇಕೆಂದೇ ಕಮ್ಮಿ ಇಟ್ಟಿದ್ದಿರಬೇಕು. ಮನೆಯವರು ನಂಬದೆ ‘ಕನಸು ಬಿಡು’ ಎಂದರೆ ಅದು ಅವರೊಳಗೇ ಕೊಳೆಯುತ್ತದೆ. ರಾತ್ರಿ ಬೆಚ್ಚಿ ಏಳುವುದು, ಆಸ್ಪತ್ರೆಯ ವಾಸನೆಗೆ ಮೈ ಬೆವರುವುದು ಇದ್ದರೆ ಮನೋವೈದ್ಯರಿಗೆ ತೋರಿಸಿ. ಅದಕ್ಕೂ ಮೊದಲು ಅಂದು ಅರಿವಳಿಕೆ ಕೊಟ್ಟವರನ್ನೇ ಹೋಗಿ ನೋಡಿ. ‘ಹೌದು, ಆಗ ಮದ್ದು ಕಮ್ಮಿ ಇಟ್ಟಿದ್ದೆ, ಯಾಕೆಂದರೆ…’ ಎಂದು ಅವರ ಬಾಯಿಂದ ಒಂದು ಮಾತು ಬಂದರೆ ಅರ್ಧ ಭಾರ ಇಳಿಯುತ್ತದೆ. ಮುಂದೆ ಎಂದಾದರೂ ಬೇರೆ ಆಪರೇಷನ್ ಆಗುವುದಾದರೆ ಅಲ್ಲಿನ ಅರಿವಳಿಕೆ ವೈದ್ಯರಿಗೂ ಇದನ್ನು ಮೊದಲೇ ಹೇಳಬೇಕು.

ಮೈಯ ಕಡೆಯಿಂದ ಗಮನಿಸಬೇಕಾದ್ದು: ಒಂದು ಕಾಲು ಊದಿಕೊಂಡರೆ, ನಡೆದರೆ ಮೀನಖಂಡ ಹಿಡಿದುಕೊಂಡರೆ, ಕಾರಣವಿಲ್ಲದೆ ಜ್ವರ ಬರುತ್ತಿದ್ದರೆ, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ ರಕ್ತನಾಳದ ಸರ್ಜನ್‌ಗೆ ತಡಮಾಡದೆ ತೋರಿಸಿ. 1945ರ ಆ ರೋಗಿಯಂತೆ ಅಪಧಮನಿ-ಅಭಿಧಮನಿ ಒಂದಾಗುವ ತೊಂದರೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳ ಮೇಲೆ ಬೆಳಕಿಗೆ ಬರುವುದುಂಟು. ಹೊಟ್ಟೆ ತೆರೆದು ನೋಡಿ ಸರಿಪಡಿಸಿದವರಲ್ಲಿ ಆ ಭಯ ಕಮ್ಮಿ, ಆದರೂ ತಿಳಿದಿರಲಿ.

ನೀವು ನೇರವಾಗಿ ಕೇಳದಿದ್ದರೂ ಪತ್ರದ ಅಡಿಯಲ್ಲಿ ಇರುವ ಪ್ರಶ್ನೆ, ಇದು ಯಾರ ತಪ್ಪು ಎನ್ನುವುದು. ನಾಳಕ್ಕೆ ಪೆಟ್ಟು ಬಿತ್ತು ಎನ್ನುವುದೊಂದರಿಂದಲೇ ಸರ್ಜನ್ ಕೈ ಕೆಟ್ಟದು ಎನ್ನಲಾಗದು, ಇದು ಪುಸ್ತಕದಲ್ಲಿರುವ ತೊಡಕು. ನಿಮ್ಮ ಜಾಗದಲ್ಲಿದ್ದರೆ ನಾನು ಅಳೆಯುವುದು ನಿಮಿಷಗಳನ್ನು. ರೋಗಿಯೋ ಅವರ ಪರವಾಗಿ ಮನೆಯವರೋ ಬರೆದು ಕೇಳಿದರೆ 72 ಗಂಟೆಯೊಳಗೆ ದಾಖಲೆಯ ಪ್ರತಿ ಕೊಡಬೇಕೆಂದು ವೈದ್ಯರ ನಡವಳಿಕೆಯ 2002ರ ನಿಯಮಗಳಲ್ಲೇ ಇದೆ. ಅದರಲ್ಲಿ ಅನಸ್ತೇಶಿಯಾ ಚಾರ್ಟ್ ಎಂಬ ಚೌಕುಳಿ ಹಾಳೆ ಇರುತ್ತದೆ, ಎರಡು ಆಪರೇಷನ್‌ಗೆ ಎರಡು. ಐದೈದು ನಿಮಿಷಕ್ಕೊಂದರಂತೆ ಮೇಲಿನ ಬಿಪಿಗೆ ಕೆಳಮುಖದ ಬಾಣ, ಕೆಳಗಿನ ಬಿಪಿಗೆ ಮೇಲ್ಮುಖದ ಬಾಣ, ನಾಡಿಗೆ ಚುಕ್ಕೆ. ಮೊದಲ ಹಾಳೆಯ ಕೊನೆ ಮತ್ತು ರಿಕವರಿ ನರ್ಸ್ ಬರೆದ ಹಾಳೆಯಲ್ಲಿ ಬಾಣಗಳು ಕೆಳಗಿಳಿಯತೊಡಗಿದ ಗಂಟೆ ಗುರುತು ಮಾಡಿಕೊಳ್ಳಿ. ಎರಡನೇ ಹಾಳೆಯಲ್ಲಿ ಹೊಟ್ಟೆ ತೆರೆದ ಗಂಟೆ ನೋಡಿ. ಅವೆರಡನ್ನು ಮುಂದಿಟ್ಟುಕೊಂಡು ಡಾಕ್ಟರ ಹತ್ತಿರ ಕೂತು, ನಡುವೆ ಏನೇನಾಯಿತು ಎಂದು ಕೇಳಿ. ಎರಡನೇ ಹಾಳೆಯ ಕೆಳಗಡೆ ರಕ್ತದ ಸಾಲು ಇರುತ್ತದೆ, ಪ್ರತಿ ಬ್ಯಾಗ್ ಹಾಕಿದ ಹೊತ್ತು ಬರೆದಿರುತ್ತಾರೆ. ‘ಇನ್ನೆರಡು ಬ್ಯಾಗ್’ ಎಂದು ಯಾವಾಗ ಕೂಗಿರಬಹುದು ಎನ್ನುವುದು ಅಲ್ಲಿಯೇ ಸಿಗುತ್ತದೆ, ಅಣ್ಣನಿಗೂ ತೋರಿಸಿ.